ಸಂಧಿವಾತದ ಸೂಜಿಮದ್ದು: ಸೂಜಿ ಯಾರ ಕೈಯಲ್ಲಿರಬೇಕು?

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗರಲ್ಲಿ ಹೆಚ್ಚಿನವರು ಜೊತೆಗೆ ತಂದ ಬಂಡವಾಳವೆಂದರೆ ತಮ್ಮ ಎರಡು ಕೈಗಳು. ಹೋಟೆಲಿನ ಅಡುಗೆಮನೆಯಲ್ಲಿ ಹಿಟ್ಟು ರುಬ್ಬಿದವರು, ಕೋಟೆ ಭಾಗದ ಕಚೇರಿಗಳಲ್ಲಿ ಬೆರಳಚ್ಚು ಕುಟ್ಟಿದವರು, ಚಾಳಿನ ಒಂದು ಕೋಣೆಯಲ್ಲಿ ಹಪ್ಪಳ ಲಟ್ಟಿಸಿ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸಿದ ತಾಯಂದಿರು, ಎಲ್ಲರೂ ಕೈಯನ್ನು ನಂಬಿಯೇ ಬದುಕಿದವರು. ಅಂಥ ಕೈಯ ಗಂಟುಗಳಿಗೇ ರೋಗ ಹತ್ತಿ, ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದೆ, ಹಾಲಿನ ಪಾತ್ರೆ ಎತ್ತಲಾಗದೆ, ರವಿಕೆಯ ಗುಂಡಿ ಹಾಕಲಾಗದೆ ಹೋಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಈ ರೋಗಕ್ಕೆ ಇಂದು ಒಳ್ಳೆಯ ಮದ್ದುಗಳಿವೆ. ಅವುಗಳಲ್ಲಿ ಮುಖ್ಯವಾದ ಕೆಲವು ಸೂಜಿಯ ಮೂಲಕವೇ ದೇಹವನ್ನು ಸೇರಬೇಕಾದವು. ಆ ಸೂಜಿ ಯಾರ ಕೈಯಲ್ಲಿರಬೇಕು? ರೋಗಿಯ ಕೈಯಲ್ಲೇ ಇರಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಕಲಿಯದ ಕೈಯಲ್ಲಲ್ಲ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ವಯಸ್ಸಾದಂತೆ ಮೊಣಕಾಲಿನ ಮೆದುಮೂಳೆ ಸವೆದು ಬರುವ ನೋವಿನ ವಿಷಯವನ್ನು ಇಲ್ಲಿ ಹೇಳುತ್ತಿಲ್ಲ. ಅದಕ್ಕೆ ಈ ಸೂಜಿಮದ್ದುಗಳು ಉಪಯೋಗಕ್ಕೆ ಬರುವುದಿಲ್ಲ. ನೆರೆಮನೆಯಾಕೆಗೆ ಗುಣವಾಯಿತೆಂದು ಅದೇ ಮದ್ದನ್ನು ಕೇಳಿಕೊಂಡು ಹೋಗುವುದು ವ್ಯರ್ಥ. ಇಲ್ಲಿ ಹೇಳುತ್ತಿರುವುದು ರುಮಟಾಯ್ಡ್ ಆರ್ಥ್ರೈಟಿಸ್ ಮತ್ತು ಅದರ ಸಂಬಂಧಿಗಳಾದ ಉರಿಯೂತದ ಸಂಧಿವಾತಗಳನ್ನು ಕುರಿತು. ಇವುಗಳಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಸ್ವಂತ ಗಂಟುಗಳ ಮೇಲೆ ಬೀಳುತ್ತದೆ. ರುಮಟಾಯ್ಡ್ ಸಂಧಿವಾತವು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅದು ಬರುವುದೂ ಸಾಮಾನ್ಯವಾಗಿ ದುಡಿಯುವ ವಯಸ್ಸಿನಲ್ಲಿ. ಒಮ್ಮೆ ಸವೆದು ಸೊಟ್ಟಗಾದ ಗಂಟು ಮತ್ತೆ ನೆಟ್ಟಗಾಗದು. ಆದುದರಿಂದ ಮೊದಲ ಒಂದೆರಡು ವರ್ಷಗಳಲ್ಲಿ ಮದ್ದು ತಪ್ಪದೆ ಒಳಗೆ ಹೋಗುವುದೇ ಇಲ್ಲಿ ಮುಖ್ಯ.

ಮದ್ದುಗಳ ಪೈಕಿ ಮೊದಲು ನೆನೆಯಬೇಕಾದದ್ದು ಮೆಥೋಟ್ರೆಕ್ಸೇಟ್. ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಶಾಸ್ತ್ರ ಕಲಿತು ಅಮೆರಿಕ ಸೇರಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಕ್ಯಾನ್ಸರಿಗೆಂದು ರೂಪುಗೊಂಡ ಮದ್ದಿದು. ಅತ್ಯಲ್ಪ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಸಂಧಿವಾತಕ್ಕೆ ಕೊಡಲು ಅಮೆರಿಕದಲ್ಲಿ 1988ರಲ್ಲಿ ಅನುಮತಿ ದೊರೆಯಿತು. ಮಾತ್ರೆಯಾಗಿ ಹೊಟ್ಟೆಗೆ ಒಗ್ಗದವರಿಗೆ, ಅಥವಾ ಪ್ರಮಾಣ ಹೆಚ್ಚಿಸಬೇಕಾದವರಿಗೆ ಚರ್ಮದಡಿಯ ಸೂಜಿಯಾಗಿ ಕೊಡುತ್ತಾರೆ. ಅನಂತರ ಬಂದವು ಎಟಾನರ್ಸೆಪ್ಟ್, ಅಡಾಲಿಮುಮಾಬ್ ಮೊದಲಾದ ಜೈವಿಕ ಮದ್ದುಗಳು. ಬಹುಕಾಲ ಇವು ಶ್ರೀಮಂತರ ಮದ್ದುಗಳಾಗಿದ್ದವು. 2013ರಲ್ಲಿ ನಮ್ಮ ಮುಂಬಯಿಯದೇ ಆದ ಸಿಪ್ಲಾ ಕಂಪನಿ ಎಟಾನರ್ಸೆಪ್ಟಿಗೆ ಸದೃಶವಾದ ಮದ್ದನ್ನೂ, 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಅಡಾಲಿಮುಮಾಬಿಗೆ ಸದೃಶವಾದ ಮದ್ದನ್ನೂ ಮೂಲಬೆಲೆಗಿಂತ ಬಹಳ ಕಡಿಮೆಗೆ ಮಾರುಕಟ್ಟೆಗೆ ತಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಅವು ಬರತೊಡಗಿದವು. ಎಟಾನರ್ಸೆಪ್ಟ್ ವಾರಕ್ಕೆ ಒಮ್ಮೆ ಅಥವಾ ಎರಡು ಸಲ; ಅಡಾಲಿಮುಮಾಬ್ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ. ವರ್ಷಗಟ್ಟಲೆ ನಡೆಯಬೇಕಾದ ವ್ರತವಿದು.

ಇನ್ನು ನಮ್ಮವರ ಪದ್ಧತಿಯನ್ನು ನೋಡೋಣ. ನಮ್ಮಲ್ಲಿ ಸೂಜಿಯ ಮೇಲೆ ಅಪಾರ ನಂಬಿಕೆಯುಂಟು, ಆದರೆ ಅದು ಇನ್ನೊಬ್ಬರು ಚುಚ್ಚಿದ ಸೂಜಿಯ ಮೇಲೆ ಮಾತ್ರ. ಡೊಂಬಿವಿಲಿಯಿಂದಲೋ ವಿರಾರದಿಂದಲೋ ಅರ್ಧ ದಿನದ ರಜೆ ಹಾಕಿ, ಊದಿದ ಮೊಣಕಾಲಿನಲ್ಲಿ ರೈಲ್ವೆ ಸೇತುವೆ ಹತ್ತಿಳಿದು, ಹತ್ತು ಸೆಕೆಂಡಿನ ಚುಚ್ಚಿಗಾಗಿ ಪರೇಲಿನವರೆಗೆ ಹೋಗಿಬರುವವರಿದ್ದಾರೆ. ಮಳೆಗಾಲದಲ್ಲಿ ಒಂದು ವಾರ ತಪ್ಪುತ್ತದೆ, ಮಗಳ ಪರೀಕ್ಷೆಯೆಂದು ಇನ್ನೊಂದು ವಾರ ತಪ್ಪುತ್ತದೆ. ಮೂರನೆಯ ತಿಂಗಳಿಗೆ ಮದ್ದೇ ನಿಲ್ಲುತ್ತದೆ. ಮತ್ತೆ ಕೆಲವರು ಮನೆಯ ಕೆಳಗಿನ ದವಾಖಾನೆಯ ಕಂಪೌಂಡರನ ಮುಂದೆ ತೋಳು ಚಾಚುತ್ತಾರೆ. ಅಲ್ಲಿಯ ಸೂಜಿ ಹೊಸತೋ ಹಳತೋ ಎಂದು ಕೇಳುವ ಧೈರ್ಯ ನಮಗಿಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್-ಬಿ ಹಬ್ಬಿ ಅನೇಕರು ಪ್ರಾಣ ಕಳೆದುಕೊಂಡರು. ನಮ್ಮದೇ ಪೆಟ್ಟಿಗೆಯಿಂದ ನಾವೇ ಬಿಚ್ಚಿದ, ಇನ್ನಾರನ್ನೂ ಮುಟ್ಟದ ಸೂಜಿಗಿಂತ ಅದು ಹೇಗೆ ಹೆಚ್ಚು ಸುರಕ್ಷಿತವಾದೀತು?

ಸಕ್ಕರೆ ಕಾಯಿಲೆಯ ಅಜ್ಜ ಊಟಕ್ಕೆ ಮುನ್ನ ತಾನೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಮನೆಯಲ್ಲೇ ಸೊಸೆ ವಾರಕ್ಕೊಂದು ಸೂಜಿಗೆ ಅಂಜುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ಅಂಜಿಕೆ ಸೂಜಿಯದಲ್ಲ, ಅಜ್ಜನಿಗೆ ಯಾರೋ ಕೂತು ಕಲಿಸಿದ್ದರು, ಸೊಸೆಗೆ ಯಾರೂ ಕಲಿಸಲಿಲ್ಲ. ಆಸ್ಪತ್ರೆಯ ಸರದಿಯಲ್ಲಿ ವೈದ್ಯರಿಗೆ ಸಿಕ್ಕುವುದು ಐದು ನಿಮಿಷ. ಪೆಟ್ಟಿಗೆಯೊಳಗಿನ ಮಡಿಚಿದ ಕಾಗದ ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಇರುತ್ತದೆ. ಮಲೆಯಾಳಿ ಸಿಸ್ಟರ್ ಹಿಂದಿಯಲ್ಲಿ ಹೇಳಿದ್ದನ್ನು ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ ಯೋಚಿಸುವ ನಮ್ಮ ತಾಯಿ ಅರ್ಧ ಗ್ರಹಿಸಿ, ನಾಚಿಕೆಯಿಂದ 'ಹಾಂ ಹಾಂ' ಎಂದು ತಲೆಯಾಡಿಸಿ ಮನೆಗೆ ಬರುತ್ತಾಳೆ. ಇಷ್ಟಕ್ಕೆ 'ಕಲಿಸಿದ್ದಾಯಿತು' ಎಂದು ದಾಖಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಮೊದಲ ಸೂಜಿಯನ್ನು ಸಿಸ್ಟರ್ ಚುಚ್ಚಿ ತೋರಿಸಿದರೆ ಸಾಲದು. ರೋಗಿಯೇ ತನ್ನ ಕೈಯಾರೆ, ಸಿಸ್ಟರಿನ ಕಣ್ಣೆದುರು ಚುಚ್ಚಿಕೊಳ್ಳಬೇಕು. ಸಾಧ್ಯವಾದರೆ ಎರಡನೆಯದೂ ಹಾಗೆಯೇ ಆಗಬೇಕು. ಜೊತೆಗೆ ಮನೆಯ ಇನ್ನೊಬ್ಬರು ನಿಂತು ನೋಡಿರಬೇಕು, ಏಕೆಂದರೆ ರೋಗ ಉಲ್ಬಣಿಸಿದ ದಿನ ರೋಗಿಯ ಬೆರಳಿಗೆ ಸಿರಿಂಜು ಒತ್ತುವ ಶಕ್ತಿಯೇ ಇರುವುದಿಲ್ಲ. ಇದನ್ನು ಕೇಳುವುದು ದಾಕ್ಷಿಣ್ಯದ ಮಾತಲ್ಲ. ಸಾವಿರಾರು ರೂಪಾಯಿ ತೆತ್ತು ಕೊಂಡ ಮದ್ದಿನ ಜೊತೆಗೆ ಬರಬೇಕಾದ ಹಕ್ಕು ಅದು.

ಚುಚ್ಚುವ ಕ್ರಮ ಕಷ್ಟದ್ದಲ್ಲ. ಮದ್ದನ್ನು ಫ್ರಿಜ್ಜಿನಿಂದ ತೆಗೆದು ಹದಿನೈದರಿಂದ ಮೂವತ್ತು ನಿಮಿಷ ಹಾಗೆಯೇ ಇಡಬೇಕು. ತಣ್ಣಗಿನ ಮದ್ದು ಹೆಚ್ಚು ಉರಿಯುತ್ತದೆ. ಬೇಗ ಆಗಲೆಂದು ಬಿಸಿನೀರಿನಲ್ಲಿ ಅದ್ದುವುದು, ಕಿಟಕಿಯ ಬಿಸಿಲಿಗೆ ಇಡುವುದು ಸಲ್ಲದು. ಅವಧಿ ಮುಗಿದಿದೆಯೇ, ಬಣ್ಣ ಬದಲಾಗಿದೆಯೇ ಎಂದು ನೋಡಿ, ಸಾಬೂನಿನಿಂದ ಕೈ ತೊಳೆದು ಕೂರಬೇಕು. ಜಾಗವೆಂದರೆ ತೊಡೆಯ ಮುಂಭಾಗ, ಅಥವಾ ಹೊಕ್ಕುಳಿನಿಂದ ಎರಡು ಅಂಗುಲ ಬಿಟ್ಟು ಹೊಟ್ಟೆ. ತೋಳಿನ ಹಿಂಭಾಗಕ್ಕೆ ತಾನೇ ಚುಚ್ಚಿಕೊಳ್ಳಲು ಹೋಗಬಾರದು, ಅದು ಇನ್ನೊಬ್ಬರು ಚುಚ್ಚುವ ಜಾಗ. ಕಳೆದ ಸಲದ ಸ್ಥಳದಿಂದ ಒಂದು ಅಂಗುಲವಾದರೂ ದೂರ ಸರಿಯಬೇಕು. ಕೆಂಪಾದ, ಗಟ್ಟಿಯಾದ, ಗಾಯದ ಕಲೆಯಿರುವ ಚರ್ಮವನ್ನು ಬಿಡಬೇಕು. ಸ್ಪಿರಿಟ್ ಹಚ್ಚಿದ ಮೇಲೆ ಅದು ತಾನಾಗಿ ಒಣಗಬೇಕು. ನಮ್ಮವರು ಬಾಯಿಂದ ಊದುತ್ತಾರೆ. ಊದಿದರೆ ಶುದ್ಧಿ ಮಾಡಿದ್ದೇ ವ್ಯರ್ಥ. ಸಿರಿಂಜಾದರೆ ಚರ್ಮವನ್ನು ಮೃದುವಾಗಿ ಚಿವುಟಿ ಹಿಡಿದು, ಕಲಿಸಿದ ಕೋನದಲ್ಲಿ ಚುಚ್ಚಿ ನಿಧಾನವಾಗಿ ಒತ್ತಬೇಕು. ಪೆನ್ನಾದರೆ ಚರ್ಮಕ್ಕೆ ನೆಟ್ಟಗೆ ಊರಿ, ಒತ್ತಿದ ಮೇಲೆ ಕಿಂಡಿಯ ಬಣ್ಣ ಪೂರ್ತಿ ಬದಲಾಗುವವರೆಗೆ ಎತ್ತಬಾರದು. 'ಟಕ್' ಎಂದ ಮೊದಲ ಸದ್ದಿಗೇ ಎತ್ತಿ ಮದ್ದನ್ನು ಸೀರೆಯ ಮೇಲೆ ಚೆಲ್ಲಿಕೊಳ್ಳುವವರೇ ಹೆಚ್ಚು. ಅನಂತರ ಹತ್ತಿಯಿಂದ ಒತ್ತಿದರೆ ಸಾಕು, ಉಜ್ಜಕೂಡದು. ಇನ್ನೊಂದು ಸಣ್ಣ ಮಾತು: ಈ ರೋಗದಲ್ಲಿ ಬೆರಳುಗಳು ಬೆಳಗಿನ ಹೊತ್ತು ಅತಿ ಬಿಗಿಯಾಗಿರುತ್ತವೆ. ಆದುದರಿಂದ ಬೆಳಗಿನ ಗಡಿಬಿಡಿಗಿಂತ ಸಂಜೆ, ದೀಪ ಹಚ್ಚಿದ ಮೇಲಿನ ಶಾಂತ ವೇಳೆ ಉತ್ತಮ.

ಈಗ ಫ್ರಿಜ್ಜಿನ ವಿಷಯಕ್ಕೆ ಬರೋಣ. ಇದೇ ನಮ್ಮ ಊರಿನ ನಿಜವಾದ ತೊಡಕು. ಜೈವಿಕ ಮದ್ದುಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅಡಾಲಿಮುಮಾಬಿನಂಥ ಮದ್ದನ್ನು ಬೇಕಾದಲ್ಲಿ 25 ಡಿಗ್ರಿ ಮೀರದ ಕೋಣೆಯಲ್ಲಿ ಹದಿನಾಲ್ಕು ದಿನದವರೆಗೆ ಹೊರಗಿಡಬಹುದೆಂದು ಅದರ ಕಾಗದದಲ್ಲಿ ಬರೆದಿರುತ್ತದೆ. ಅದನ್ನೋದಿ ನೆಮ್ಮದಿಪಟ್ಟುಕೊಳ್ಳುವವರು ಒಂದನ್ನು ಗಮನಿಸಬೇಕು: ಆ 'ಕೋಣೆ' ತಂಪು ದೇಶಗಳ ಕೋಣೆ. ಮೇ ತಿಂಗಳಲ್ಲಿ ಮುಂಬಯಿಯ ರಾತ್ರಿಯ ಉಷ್ಣತೆಯೇ 25ನ್ನು ಮೀರಿರುತ್ತದೆ. ತಗಡಿನ ಮಾಡಿನ ಖೋಲಿಯ ಮಧ್ಯಾಹ್ನವನ್ನಂತೂ ಹೇಳಬೇಕಾಗಿಲ್ಲ. ಆ ರಿಯಾಯಿತಿ ನಮಗೆ ಸಲ್ಲುವುದು ಚಳಿಗಾಲದ ಕೆಲವು ದಿನಗಳಲ್ಲಿ ಮಾತ್ರ. ಮದ್ದು ಹಿಮಗಟ್ಟಿದರೂ ಕೆಟ್ಟಿತೆಂದೇ ಲೆಕ್ಕ. ಮತ್ತೆ ಕರಗಿಸಿ ಬಳಸುವಂತಿಲ್ಲ. ಆದುದರಿಂದ ಬರ್ಫದ ಖಾನೆಗೆ ತಾಗಿಸಿಯೂ ಇಡಬಾರದು, ಹತ್ತು ಸಲ ತೆರೆದು ಮುಚ್ಚುವ ಬಾಗಿಲಿನಲ್ಲೂ ಇಡಬಾರದು. ನಡುವಿನ ಹಲಗೆಯ ಮೇಲೆ, ಅದರದೇ ಪೆಟ್ಟಿಗೆಯಲ್ಲಿ, ಬೆಳಕು ಬೀಳದಂತೆ, ಪುಟ್ಟ ಉಷ್ಣಮಾಪಕವೊಂದನ್ನು ಪಕ್ಕದಲ್ಲಿಟ್ಟು ಇಡುವುದು ಲೇಸು. ಮೆಥೋಟ್ರೆಕ್ಸೇಟಿಗೆ ಸಾಮಾನ್ಯವಾಗಿ ಫ್ರಿಜ್ ಬೇಡ. ತಂಪಾದ, ಬೆಳಕಿಲ್ಲದ ಸ್ಥಳ ಬೇಕು.

ವಿದ್ಯುತ್ತು ಹೋದರೆ? ಮುಂಬಯಿಯಲ್ಲಿ ಕರೆಂಟು ಹೋಗುವುದಿಲ್ಲವೆಂಬ ಹೆಮ್ಮೆ ನಮಗಿದೆ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಪನಗರಗಳ ಎಷ್ಟೋ ಮನೆಗಳಲ್ಲಿ ದಿನಗಟ್ಟಲೆ ದೀಪವಿರಲಿಲ್ಲ. 2020ರ ಅಕ್ಟೋಬರ್ 12ರಂದು ಇಡೀ ಮಹಾನಗರವೇ ಗಂಟೆಗಟ್ಟಲೆ ಕತ್ತಲಾಯಿತು. ಅಂಥ ಹೊತ್ತಿನಲ್ಲಿ ಫ್ರಿಜ್ಜಿನ ಬಾಗಿಲನ್ನು ಪದೇಪದೇ ತೆರೆಯದಿರುವುದೇ ಮೊದಲ ಉಪಾಯ. ದೀರ್ಘಕಾಲ ತಂಪು ತಪ್ಪಿದ್ದರೆ ಎಷ್ಟು ಗಂಟೆಯೆಂದು ಬರೆದಿಟ್ಟುಕೊಂಡು, ಮದ್ದು ಬಳಸುವ ಮುನ್ನ ಔಷಧ ಕಂಪನಿಯ ಸಹಾಯವಾಣಿಯನ್ನೋ ವೈದ್ಯರನ್ನೋ ಕೇಳಬೇಕು. ನೋಡುವುದಕ್ಕೆ ತಿಳಿಯಾಗಿದೆಯೆಂದ ಮಾತ್ರಕ್ಕೆ ಮದ್ದು ಸರಿಯಾಗಿದೆಯೆಂದು ಹೇಳಲಾಗದು.

ತೊಡಕು ಉಷ್ಣತೆಯದು ಮಾತ್ರವಲ್ಲ, ಮಾನದ್ದೂ ಹೌದು. ಒಂದೂವರೆ ಕೋಣೆಯ ಮನೆಯಲ್ಲಿ ಫ್ರಿಜ್ ಎಂಬುದು ಸಾರ್ವಜನಿಕ ಸ್ಥಳ. ನೀರು ಕುಡಿಯಲು ಬಂದ ನೆಂಟರೆಲ್ಲ ಅದನ್ನು ತೆರೆಯುತ್ತಾರೆ. ಮದುವೆಗಿರುವ ಮಗಳ ಮದ್ದು ಯಾರ ಕಣ್ಣಿಗೂ ಬೀಳಬಾರದೆಂದು ಗೋದ್ರೆಜ್ ಕಪಾಟಿನ ಸೀರೆಗಳ ನಡುವೆ ಅಡಗಿಸಿಟ್ಟ ತಾಯಂದಿರುಂಟು; ಅತ್ತೆಗೆ ತಿಳಿಯಬಾರದೆಂದು ವಾರಗಟ್ಟಲೆ ಸೂಜಿಯನ್ನೇ ಬಿಟ್ಟ ಸೊಸೆಯಂದಿರುಂಟು. ಇವರನ್ನು ಬೈಯುವುದು ಸುಲಭ. ಗಂಟುನೋವಿನ ಹುಡುಗಿಯನ್ನು ಕುರಿತು ಮದುವೆಯ ಮಾತುಕತೆಗಳಲ್ಲಿ ನಾವೇ ಆಡುವ ಪಿಸುಮಾತುಗಳನ್ನು ಮೊದಲು ನಿಲ್ಲಿಸಬೇಕಾಗಿದೆ. ಅಲ್ಲಿಯವರೆಗೆ, ಮುಚ್ಚಳವಿರುವ ಸಾಮಾನ್ಯ ಡಬ್ಬಿಯೊಂದರಲ್ಲಿ ಹಾಕಿ ಫ್ರಿಜ್ಜಿನಲ್ಲೇ ಇಡಿ. ಗುಟ್ಟೂ ಉಳಿಯುತ್ತದೆ, ಮದ್ದೂ ಉಳಿಯುತ್ತದೆ.

ಮೆಥೋಟ್ರೆಕ್ಸೇಟಿನ ವಿಷಯದಲ್ಲಿ ಪ್ರಾಣಕ್ಕೇ ಸಂಬಂಧಿಸಿದ ಎಚ್ಚರಗಳಿವೆ. ಅದು ವಾರದ ಮದ್ದು, ದಿನದ ಮದ್ದಲ್ಲ. ತಪ್ಪಿ ದಿನವೂ ತೆಗೆದುಕೊಂಡು ಸತ್ತವರಿದ್ದಾರೆ. ವಾರವನ್ನು ನಿಶ್ಚಯಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಚುಚ್ಚಿಕೊಂಡೊಡನೆ ಅಡ್ಡಗೆರೆ ಎಳೆಯುವುದು ಒಳ್ಳೆಯದು. ತುಂಬಿದ ಸಿರಿಂಜು ಸಿಗದೆ ಸೀಸೆಯಿಂದ ಸೆಳೆದುಕೊಳ್ಳುವವರು ಮತ್ತೊಂದನ್ನು ನೋಡಬೇಕು. ಮನೆಯಲ್ಲಿದ್ದ ಇನ್ಸುಲಿನ್ ಸಿರಿಂಜಿನಲ್ಲಿಯೇ ಇದನ್ನೂ ಅಳೆಯುವ ರೂಢಿಯುಂಟು. ಒಂದು ಮಿಲಿಲೀಟರಿಗೆ 25 ಮಿಲಿಗ್ರಾಂ ಇರುವ ಮದ್ದಿನಲ್ಲಿ 15 ಮಿಲಿಗ್ರಾಂ ಎಂದರೆ 0.6 ಮಿಲಿಲೀಟರ್. ನಲವತ್ತು ಗೆರೆಯ ಇನ್ಸುಲಿನ್ ಸಿರಿಂಜಿನಲ್ಲಿ ಅದು 24ನೆಯ ಗೆರೆ. ನೂರು ಗೆರೆಯದರಲ್ಲಿ 60ನೆಯ ಗೆರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಮದ್ದು ಎರಡೂವರೆ ಪಟ್ಟು ಹೆಚ್ಚಾಗುತ್ತದೆ ಅಥವಾ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸೀಸೆಗಳ ಬಲವೂ ಒಂದೇ ಆಗಿರುವುದಿಲ್ಲ. ಯಾವ ಸೀಸೆ, ಯಾವ ಸಿರಿಂಜು, ಎಷ್ಟನೆಯ ಗೆರೆ ಎಂಬ ಮೂರನ್ನೂ ವೈದ್ಯರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಬೇಕು. ಬಸುರಿಯರು ಮತ್ತು ಬಸಿರು ಬಯಸುವವರು ಈ ಮದ್ದನ್ನು ತೆಗೆದುಕೊಳ್ಳಬಾರದು. ಮನೆಯ ಬಸುರಿ ಸೊಸೆಯ ಕೈಯಿಂದ ಅತ್ತೆ ಚುಚ್ಚಿಸಿಕೊಳ್ಳುವುದೂ ಬೇಡ. ಕಾಲಕಾಲಕ್ಕೆ ರಕ್ತದ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸಬಾರದು. ಮದ್ಯದ ಮಾತನ್ನು ವೈದ್ಯರಿಂದ ಮುಚ್ಚಿಡಬಾರದು.

ಮುಂಬಯಿಯಲ್ಲಿ ಇನ್ನೊಂದು ಭಯವನ್ನು ಹೇಳದೆ ಬಿಡುವಂತಿಲ್ಲ. ಅದು ಕ್ಷಯ. ಅಡಾಲಿಮುಮಾಬ್, ಎಟಾನರ್ಸೆಪ್ಟಿನಂಥ ಮದ್ದುಗಳು ದೇಹದಲ್ಲಿ ನಿದ್ರಿಸುತ್ತಿರುವ ಕ್ಷಯದ ಕ್ರಿಮಿಯನ್ನು ಎಬ್ಬಿಸಬಲ್ಲವು. ಇಕ್ಕಟ್ಟಿನ ಖೋಲಿಗಳಲ್ಲಿ, ಉಸಿರಿಗೆ ಉಸಿರು ತಾಗುವ ಲೋಕಲ್ ಗಾಡಿಗಳಲ್ಲಿ ದಿನ ಕಳೆಯುವ ನಮ್ಮಲ್ಲಿ ಎಷ್ಟೋ ಮಂದಿಯ ಶ್ವಾಸಕೋಶದಲ್ಲಿ ಆ ಕ್ರಿಮಿ ಅಡಗಿರುವುದು ಸಹಜ. ಮಾಹೀಮಿನ ಹಿಂದುಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಪರೀಕ್ಷಿಸಿದ ಯಾವ ಮದ್ದಿಗೂ ಬಗ್ಗದ ಕ್ಷಯವನ್ನು ವರದಿ ಮಾಡಿ 2012ರಲ್ಲಿ ಲೋಕದ ಗಮನ ಸೆಳೆದದ್ದು ಇದೇ ನಗರದಿಂದ. ಆದುದರಿಂದ ಈ ಮದ್ದುಗಳನ್ನು ಆರಂಭಿಸುವ ಮುನ್ನ ಎದೆಯ ಎಕ್ಸ್-ರೇ, ಚರ್ಮದ ಅಥವಾ ರಕ್ತದ ಕ್ಷಯಪರೀಕ್ಷೆ, ಜೊತೆಗೆ ಹೆಪಟೈಟಿಸ್ ಪರೀಕ್ಷೆ ಆಗಿರಲೇಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯವಾಗಿದ್ದರೆ ಅದನ್ನು ಮುಚ್ಚಿಡುವುದು ಅಪಾಯಕರ. ಮದ್ದು ಆರಂಭವಾದ ಮೇಲೆ ಸಂಜೆಯ ಜ್ವರ, ಎರಡು ವಾರ ಮೀರಿದ ಕೆಮ್ಮು, ತೂಕದ ಇಳಿತ ಕಂಡರೆ ಮುಂದಿನ ಸೂಜಿಯನ್ನು ತಡೆದು ವೈದ್ಯರಲ್ಲಿಗೆ ಓಡಬೇಕು. ಸಾಧಾರಣ ಜ್ವರ, ಕೀವಿನ ಗಾಯ, ಹಲ್ಲು ಕೀಳಿಸುವುದು, ಶಸ್ತ್ರಚಿಕಿತ್ಸೆ, ಲಸಿಕೆ ಇವುಗಳ ಮೊದಲೂ ಕೇಳಿಯೇ ಮುಂದುವರಿಯಬೇಕು. ಮನೆಯಲ್ಲಿ ಚುಚ್ಚಿಕೊಳ್ಳುವ ಸ್ವಾತಂತ್ರ್ಯದ ಒಂದು ಕೆಡುಕೆಂದರೆ ವೈದ್ಯರ ಮುಖ ನೋಡುವುದೇ ತಪ್ಪಿಹೋಗುವುದು. ಆರು ತಿಂಗಳ ಹಿಂದಿನ ಚೀಟಿಯನ್ನೇ ಅಂಗಡಿಗೆ ತೋರಿಸಿ ಮದ್ದು ತರುವವರಿಗೆ ಈ ಮಾತು.

ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ? ಪ್ಲಾಸ್ಟಿಕ್ ಚೀಲದಲ್ಲಿ ತರಕಾರಿ ಸಿಪ್ಪೆಯ ಜೊತೆಗೆ ಹೋದರೆ ಅದು ಮೊದಲು ಚುಚ್ಚುವುದು ನಮ್ಮ ಮನೆಗೆಲಸದ ಬಾಯಿಯ ಬೆರಳನ್ನು. ಆಮೇಲೆ ದೇವನಾರದಂಥ ಕಸದ ಗುಡ್ಡಗಳಲ್ಲಿ ಬರಿಗೈಯಿಂದ ಆಯುವ ಹೆಂಗಸಿನ ಅಂಗೈಯನ್ನು. ನಮ್ಮ ಗಂಟು ನೆಟ್ಟಗಾಗಲು ಅವಳ ಕೈ ಕೆಡಬೇಕೆ? ಸೂಜಿಗೆ ಮತ್ತೆ ಟೊಪ್ಪಿಗೆ ಹಾಕಲು ಹೋಗದೆ ನೇರವಾಗಿ ದಪ್ಪ ಪ್ಲಾಸ್ಟಿಕ್ಕಿನ ಡಬ್ಬಕ್ಕೆ, ಉದಾಹರಣೆಗೆ ಪಾಯಖಾನೆ ತೊಳೆಯುವ ದ್ರವದ ಖಾಲಿ ಸೀಸೆಗೆ, ಹಾಕಬೇಕು. ಮುಕ್ಕಾಲು ತುಂಬಿದಾಗ ಬಿರಡೆ ಬಿಗಿದು ಅಂಟುಪಟ್ಟಿ ಸುತ್ತಬೇಕು. ಅದರ ಮೇಲೆ ಮರಾಠಿಯಲ್ಲಿ 'ಸುಯಾ' ಎಂದು ದೊಡ್ಡದಾಗಿ ಬರೆಯಿರಿ. ಕನ್ನಡಾಭಿಮಾನ ಎಷ್ಟೇ ಇರಲಿ, ಕಸದ ಗಾಡಿಯವರು ಓದುವುದು ಮರಾಠಿ. ಮನೆಯ ಸೂಜಿ ಸಿರಿಂಜುಗಳನ್ನು 2016ರ ಘನತ್ಯಾಜ್ಯ ನಿಯಮಗಳು ಅಪಾಯಕಾರಿ ಕಸದ ಸಾಲಿಗೆ ಸೇರಿಸಿದವು. ಬೃಹನ್ಮುಂಬಯಿ ಮಹಾನಗರಪಾಲಿಕೆ 2025ರಲ್ಲಿ ಇಂಥ ಕಸವನ್ನು ಮನೆಗಳಿಂದ ಬೇರೆಯಾಗಿ ಒಯ್ಯುವ ಸೇವೆಯನ್ನು ಆರಂಭಿಸಿತು. ಅದಕ್ಕೆ ಸೊಸೈಟಿಯೇ ಹೆಸರು ನೋಂದಾಯಿಸಬೇಕು. ನಮ್ಮವರು ಕಾರ್ಯದರ್ಶಿಗಳಾಗಿರುವ ಸೊಸೈಟಿಗಳು ಎಷ್ಟಿಲ್ಲ!

ಊರಿಗೆ ಹೋಗುವಾಗ ಮದ್ದನ್ನು ಬಿಟ್ಟುಹೋಗುವುದು ನಮ್ಮ ಹಳೆಯ ಚಾಳಿ. ನೇಮ, ನಾಗಪಂಚಮಿ, ತಮ್ಮನ ಮದುವೆ ಎಂದು ಹೊರಟವರು 'ಬಂದಮೇಲೆ ಹಾಕಿಕೊಂಡರಾಯಿತು' ಎನ್ನುತ್ತಾರೆ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತಿದವರು ಮರುದಿನ ಬೆಳಗ್ಗೆ ಊರಿನಲ್ಲಿರುತ್ತಾರೆ. ಅಷ್ಟು ಹೊತ್ತಿಗೆ ಬಟ್ಟೆ ಸುತ್ತಿದ ತಂಪುಚೀಲವೊಂದು ಸಾಕು. ಮದ್ದು ಬರ್ಫಕ್ಕೆ ನೇರವಾಗಿ ತಾಗದಿದ್ದರಾಯಿತು. ಊರ ಮನೆಯ ಫ್ರಿಜ್ಜಿನ ಸ್ಥಿತಿಯನ್ನು ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ ನಮ್ಮ ಸಂಘಸಂಸ್ಥೆಗಳಲ್ಲಿ ಒಂದು ನಿವೇದನೆ. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ಶಿಬಿರ ನಡೆಸುತ್ತೇವೆ. ರಕ್ತದೊತ್ತಡ ನೋಡುತ್ತೇವೆ, ಸಕ್ಕರೆ ನೋಡುತ್ತೇವೆ, ಅತಿಥಿಗಳಿಗೆ ಹಾರ ಹಾಕುತ್ತೇವೆ. ಆ ಸಾಲಿನಲ್ಲಿ ಇನ್ನೊಂದು ಮೇಜಿಗೆ ಸ್ಥಳವಿರಲಿ. ಕನ್ನಡ ಬಲ್ಲ ಒಬ್ಬ ಸಿಸ್ಟರ್, ಮದ್ದಿಲ್ಲದ ಅಭ್ಯಾಸದ ಪೆನ್ನುಗಳು ನಾಲ್ಕಾರು, ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದ ಒಂದು ಪುಟದ ಕನ್ನಡ ಸೂಚನೆ ಇಷ್ಟಿದ್ದರೆ ಸಾಕು, ಖರ್ಚು ಹಾರತುರಾಯಿಗಿಂತ ಕಡಿಮೆ. ಸಂಧಿವಾತದವರು ಮಾತ್ರವಲ್ಲ, ಹೊಸದಾಗಿ ಇನ್ಸುಲಿನ್ ಹಿಡಿದವರೂ ಬಂದು ಕಲಿಯಬಹುದು. ಮತ್ತು ಆ ಮೇಜಿನ ಸುತ್ತ ಒಂದು ಪರದೆ ಕಟ್ಟಿಸುವುದನ್ನು ಸಂಘಟಕರು ಮರೆಯದಿರಲಿ. ಪರದೆಯಿಲ್ಲದಿದ್ದರೆ ಮದುವೆಗಿರುವ ಹುಡುಗಿಯಾಗಲಿ ಹೊಸ ಸೊಸೆಯಾಗಲಿ ಅಲ್ಲಿಗೆ ಬರುವುದಿಲ್ಲ.